ಇಪ್ಪತ್ತು ತುಂಬಲಿ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾರಲ್ಲ, ಆಕೆಯ ಮೂಗಿನ ತುದಿಯಲ್ಲಿ ಸಿಟ್ಟಿನ ಜೊತೆಗೆ ವಿದ್ಯೆಯೂ ಇತ್ತು. ಮೂವತ್ತೆಂಟು ವರ್ಷ ಆಕೆ ಹೊಟ್ಟೆ ಹೊರೆದದ್ದು ಆ ಮೂಗಿನಿಂದಲೇ. ಕೂಸುಗಳ ಮೂತ್ರದ ಸೀಸೆಯ ಮುಚ್ಚಳ ತಿರುಗಿಸಿ ಒಂದು ಸಲ ಮೂಸಿದರೆ ಸಾಕು, ಪರೀಕ್ಷೆ ಹೇಳುವ ಮೊದಲೇ ಆಕೆ ಹೇಳಿಬಿಡುತ್ತಿದ್ದಳು. ಸುಟ್ಟ ಸಕ್ಕರೆಯ ವಾಸನೆ ಬಂದರೆ ಒಂದು ಕಾಯಿಲೆ, ಬೆವರಿದ ಕಾಲುಚೀಲದ ವಾಸನೆ ಬಂದರೆ ಇನ್ನೊಂದು, ಇಲಿ ಸೇರಿಕೊಂಡ ಹಳೆಯ ಪೆಟ್ಟಿಗೆಯ ವಾಸನೆ ಬಂದರೆ ಮತ್ತೊಂದು. ಎಲ್ಲವೂ ಅಪ್ಪ ಅಮ್ಮನಿಂದ ಮಕ್ಕಳಿಗೆ ಸದ್ದಿಲ್ಲದೆ ದಾಟಿ ಬರುವ ಕಾಯಿಲೆಗಳು, ಕೊನೆಗೆ ಹೋಗಿ ಮಿದುಳಿಗೇ ಬಾಯಿ ಹಾಕುವಂಥವು. ಆಕೆಯ ಹುದ್ದೆಯ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಎರಡು ಸಾಲು ಇತ್ತು. ಸಂಸ್ಥೆಯಲ್ಲಿ ಅದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಆಕೆ 'ಉಚ್ಚೆ ಮೇಡಂ'. ಅದು ಕಿವಿಗೆ ಬಿದ್ದ ದಿನ ಆಕೆ ತಿರುಗಿ ನಿಂತು, "ನಿಮ್ಮ ಬಾಯಿಂದ ಬರೋದಕ್ಕಿಂತ ಅದೇ ಎಷ್ಟೋ ಶುದ್ಧವಾಗಿದೆ" ಅಂದಿದ್ದಳು.

ಅಂಥವಳ ನಿವೃತ್ತಿಯ ದಿನ ಅದು. ಬೆಳಿಗ್ಗೆ ಹನ್ನೊಂದೂವರೆಗೆ ಮೇಲಿನ ಸಭಾಂಗಣದಲ್ಲಿ ಬೀಳ್ಕೊಡುಗೆ. ಆಕೆ ಎಂದಿನಂತೆ ಎಂಟಕ್ಕೇ ಬಂದು ಕಂಪ್ಯೂಟರಿನ ಮುಂದೆ ಕುಳಿತಳು. ಅದು ಆಕೆಯನ್ನು ಒಳಗೆ ಬಿಡಲಿಲ್ಲ. ನಿವೃತ್ತಿ ಸಂಜೆ ಐದಕ್ಕೆ. ಆದರೆ ಕಚೇರಿಯವರು ಬೆಳಿಗ್ಗೆಯೇ ಹೆಸರು ಹೊಡೆದುಹಾಕಿದ್ದರು. ಬೇರೆ ಯಾವ ಕೆಲಸಕ್ಕೂ ಇಲ್ಲದ ಚುರುಕು ಇದಕ್ಕೆ ಮಾತ್ರ ಎಲ್ಲಿಂದ ಬರುತ್ತದೋ! ಯಂತ್ರ ಮುಟ್ಟುವಂತಿಲ್ಲ ಎಂದಾದ ಮೇಲೆ ಮಾಡಲು ಉಳಿದದ್ದು ಫ್ರಿಜ್ ಒರೆಸುವ ಕೆಲಸ. ಒರೆಸುತ್ತಾ ಹೋದವಳ ಕೈಗೆ ಕೊನೆಯ ಅಂಕಣದಲ್ಲಿ ಒಂದು ಸೀಸೆ ಸಿಕ್ಕಿತು. ಸಂಖ್ಯೆ ಐವತ್ತೆರಡು, ಬಂದವುಗಳಲ್ಲಿ ಅದೇ ಕೊನೆಯದು. ಅದಕ್ಕೆ ರಬ್ಬರ್ ಹಾಕಿ ಒಂದು ಕಾಗದದ ಚೀಟಿಯನ್ನೂ ಕಟ್ಟಿದ್ದರು. ಚೀಟಿಯಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಮೂರು ಒಣ ಬೊಟ್ಟು. ತೆಗೆದಾಗ ಹತ್ತು ದಿನದ ಗಂಡು ಕೂಸು. ಸೀಸೆ ಬಂದು ಒಂಬತ್ತು ದಿನ ಆಗಿತ್ತು.

ಆಕೆ ಮುಚ್ಚಳ ತೆಗೆದಳು.

ಅಣ್ಣ. ಬೇರೆ ಯಾರೂ ಅಲ್ಲ, ಅದು ಆಕೆಯ ಅಣ್ಣನ ವಾಸನೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಆ ದಿನ ಆಕೆ ಮಾಡಿದ್ದು ಬರೀ ಹುಚ್ಚಾಟ ಎಂದು ನೀವೂ ಅಂದುಬಿಡುತ್ತೀರಿ.

ಆಕೆಗಿಂತ ಆರು ವರ್ಷ ದೊಡ್ಡವನು ಅಣ್ಣ. ಹುಟ್ಟಿದಾಗ ಬೆಣ್ಣೆಯ ಮುದ್ದೆಯಂತಿದ್ದನಂತೆ. ವರ್ಷ ತುಂಬಿದರೂ ಕೂರಲಿಲ್ಲ, ಐದು ತುಂಬಿದರೂ ಮಾತಾಡಲಿಲ್ಲ. ಮನೆಯವರೆಲ್ಲರ ಕೂದಲಿಗಿಂತ ಅವನ ಕೂದಲು ಬಿಳಿಚು. ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತು ದಿನವಿಡೀ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ. ಕುರ್ಚಿಯ ಹಿಂಗಾಲುಗಳು ನೆಲದಲ್ಲಿ ಎರಡು ಗುಳಿ ತೋಡಿದ್ದವು. ಅವನ ದಿಂಬಿಗೆ, ಅಂಗಿಗೆ, ಕುತ್ತಿಗೆಗೆ ಇಲಿಯ ವಾಸನೆ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಬಂದ ನೆಂಟರು ಮೂಗು ಮುಚ್ಚಿಕೊಂಡರೆ ತಂಗಿಗೆ ಮೈ ಉರಿಯುತ್ತಿತ್ತು. ಅವಳು ಅವನ ಮಗ್ಗುಲಲ್ಲಿ ಮಲಗಿ ಬೆಳೆದವಳು. ಆ ವಾಸನೆ ಬಂದರೇನೇ ಅವಳಿಗೆ ನಿದ್ದೆ.

ನೆಂಟರು ಮೂಗು ಮುಚ್ಚಿಕೊಂಡದ್ದು ಹೋಗಲಿ, ಬಾಯಿಯನ್ನಾದರೂ ಮುಚ್ಚಿಕೊಂಡರೇ? "ಹೊಟ್ಟೇಲಿದ್ದಾಗ ಏನು ತಿಂದ್ಯೋ, ಯಾರ ಕಣ್ಣು ಬಿತ್ತೋ" ಎಂದು ಅಮ್ಮನನ್ನು ಚುಚ್ಚಿ ಚುಚ್ಚಿ ಕೇಳಿದರು. ಅದಕ್ಕೆ ಅಮ್ಮ ಇನ್ನಷ್ಟು ಉಣಿಸಿದಳು. ಮಗನಿಗೆ ಶಕ್ತಿ ಬಂದರೆ ಬುದ್ಧಿಯೂ ಬರುತ್ತದೆ ಎಂಬುದು ಅವಳ ನಂಬಿಕೆ. ಉಳಿದವರಿಗೆ ನೀರು ಬೆರೆಸಿದ ಹಾಲು, ಅವನಿಗೆ ಗಟ್ಟಿ ಹಾಲು. ಮನೆಗೆ ಒಂದು ಮೊಟ್ಟೆ ಬಂದರೆ ಅದು ಅವನದು. ತೊಡೆಯ ಮೇಲೆ ಕೂರಿಸಿಕೊಂಡು, ದೊಡ್ಡವನಾದ ಮೇಲೆ ಕುರ್ಚಿಯ ಮುಂದೆ ಕೂತು, ದಿನಕ್ಕೆ ಮೂರು ಹೊತ್ತು ಮೂವತ್ತು ವರ್ಷ ತುತ್ತು ಮಾಡಿ ಬಾಯಿಗಿಟ್ಟಳು. ಅವನೂ ಅಮ್ಮನ ಕೈ ಕಂಡರೆ ಸಾಕು, ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದ.

ತಂಗಿ ರಸಾಯನಶಾಸ್ತ್ರ ಓದಿ, ಈ ಸಂಸ್ಥೆಯ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಸೇರಿ ನಾಲ್ಕನೆಯ ತಿಂಗಳಲ್ಲಿ, ಯಾವುದೋ ಮಗುವಿನ ಸೀಸೆ ತೆರೆದು ನಿಂತಲ್ಲೇ ನಿಂತುಬಿಟ್ಟಳು. ಆ ಸಂಜೆ ಅಣ್ಣನ ಮೂತ್ರ ತಂದು ಎರಡು ಹನಿ ಕಬ್ಬಿಣದ ದ್ರಾವಣ ಬಿಟ್ಟಳು. ಹಸಿರಾಯಿತು. ಕಡು ಹಸಿರು.

ಸಂಗತಿ ಇಷ್ಟು. ಹಾಲು, ಮೊಟ್ಟೆ, ಕಾಳು ಎಲ್ಲದರಲ್ಲೂ ಇರುವ ಒಂದು ಅಂಶವನ್ನು ನಮ್ಮ ಪಿತ್ತಜನಕಾಂಗ ಒಡೆದು ಬೇರೆ ಮಾಡುತ್ತದೆ. ಒಡೆಯುವ ಕಿಣ್ವ ಹುಟ್ಟಿನಿಂದಲೇ ಇಲ್ಲದ ಮಗುವಿಗೆ ಆ ಅಂಶ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಮಿದುಳಿಗೆ ಹೋಗುವ ಬಾಗಿಲಲ್ಲಿ ಅದೇ ತುಂಬಿಕೊಂಡು, ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ನಿಂತವರ ಹಾಗೆ, ಬೇರೆ ಯಾವ ಅಂಶವನ್ನೂ ಒಳಗೆ ಬಿಡುವುದಿಲ್ಲ. ಹುಟ್ಟಿದ ಎರಡು ಮೂರು ವಾರದೊಳಗೆ ಹಿಡಿದು, ಆ ಅಂಶವಿಲ್ಲದ ಬೇರೆ ಪುಡಿಹಾಲು ಕೊಟ್ಟರೆ ಮಗು ನಮ್ಮ ನಿಮ್ಮ ಹಾಗೆ ಬೆಳೆದು ಶಾಲೆಗೆ ಹೋಗಿ ಮೇಷ್ಟರಿಗೆ ತಲೆಹರಟೆ ಮಾಡುತ್ತದೆ. ತಡವಾದರೆ ವಾರಕ್ಕಿಷ್ಟು ಎಂದು ಬುದ್ಧಿ ಸೋರಿಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಇದನ್ನು ಆಕೆ ಅಂದೇ ಮನೆಗೆ ಓಡಿಬಂದು ಅಮ್ಮನ ಮುಂದೆ ಒಂದೇ ಉಸಿರಿಗೆ ಹೇಳಿದಳು. ಹೆಸರಿಲ್ಲದ ಕಾಯಿಲೆಗೆ ಹೆಸರು ಸಿಕ್ಕಿತಲ್ಲ ಎಂಬ ಹಿಗ್ಗು. ಯಾರ ಕಣ್ಣೂ ಅಲ್ಲ, ಯಾವ ಪಾಪವೂ ಅಲ್ಲ, ಬರೀ ಹಾಲು ಮೊಟ್ಟೆಯ ದೋಷ ಎಂದು ಸಾರಿದಳು. ಅಮ್ಮ ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

"ಹಾಗಾದ್ರೆ ನಾನು ಅವನ ಬಾಯಿಗೆ ಇಟ್ಟಿದ್ದೆಲ್ಲ ವಿಷನಾ? ನಾನೇ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ನಾ?"

"ಆಗ ಯಾರಿಗೂ ಗೊತ್ತಿರ್ಲಿಲ್ಲ ಅಮ್ಮ" ಅಂದಳು. ಅದು ಉತ್ತರವೇ? ಅಮ್ಮ ಅಂದಿನಿಂದ ಮಗನಿಗೆ ತನ್ನ ಕೈಯಿಂದ ಒಂದು ತುತ್ತೂ ಕೊಡಲಿಲ್ಲ. ತಟ್ಟೆಯನ್ನು ಅವನ ಮುಂದಿಟ್ಟು ಆಚೆ ಹೋಗಿಬಿಡುತ್ತಿದ್ದಳು. ಅವನು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಕಾದು ಕಾದು ಅಳುತ್ತಿದ್ದ. ಉಣಿಸುವ ಕೆಲಸ ತಂಗಿಯ ಪಾಲಿಗೆ ಬಂತು, ಅವನು ಸಾಯುವವರೆಗೆ ಹನ್ನೊಂದು ವರ್ಷ. ಅವನ ಹಿಂದೆಯೇ ಅಮ್ಮನೂ ಹೋದಳು. ಆಕೆಯ ಸಿಟ್ಟಿನ ಮೂಲ ಹುಡುಕುವವರು ಬೇರೆಲ್ಲೂ ಹೋಗಬೇಕಾಗಿಲ್ಲ. ಆ ಸಿಟ್ಟಿನಲ್ಲಿ ಮೊದಲ ಪಾಲು ತನ್ನ ಮೇಲೆಯೇ ಇತ್ತು.

ಇನ್ನು ಪ್ರಯೋಗಾಲಯ. ಆಗಿನ ಮುಖ್ಯಸ್ಥರನ್ನು ಎಲ್ಲರೂ 'ದೊಡ್ಡವರು' ಅನ್ನುತ್ತಿದ್ದರು. ಮೈಯಲ್ಲಿ ಮಾತ್ರ ದೊಡ್ಡವರು. ಪರೀಕ್ಷೆ ಮಾಡುತ್ತಿದ್ದದ್ದು ಒಂದು ದೊಡ್ಡ ಸೋಸುಕಾಗದದ ಮೇಲೆ. ಕೆಳಅಂಚಿನಲ್ಲಿ ಪೆನ್ಸಿಲಿನ ಗೆರೆ ಎಳೆದು ಸಾಲಾಗಿ ಇಪ್ಪತ್ತು ಬೊಟ್ಟು ಇಡಬೇಕು, ಒಂದೊಂದು ಬೊಟ್ಟು ಒಂದೊಂದು ಮಗು. ಕಾಗದವನ್ನು ಗಾಜಿನ ತೊಟ್ಟಿಯಲ್ಲಿ ನೇತುಹಾಕಿ, ಮರುದಿನ ತೆಗೆದು ಒಣಗಿಸಿ, ಔಷಧಿ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆ ಕಲೆಗಳು ಮೂಡುತ್ತವೆ. ಯಾವ ಕಲೆ ದಪ್ಪವೋ ಆ ಅಂಶ ಹೆಚ್ಚು. ದೊಡ್ಡವರ ಕಟ್ಟಪ್ಪಣೆ ಒಂದೇ: ಇಪ್ಪತ್ತು ತುಂಬಲಿ. ಇಪ್ಪತ್ತು ಸೀಸೆ ಸೇರುವವರೆಗೆ ತೊಟ್ಟಿ ಹೂಡಕೂಡದು. ಕಾಗದ ದಂಡ, ಔಷಧಿ ದಂಡ, ಅವರ ಸಹಿಯೂ ದಂಡ.

ಎರಡನೆಯ ವರ್ಷ ಹದಿನೇಳನೆಯ ಸೀಸೆಯಾಗಿ ಒಂದು ಹೆಣ್ಣು ಕೂಸಿನದು ಬಂತು. ಮೂರು ವಾರದ್ದು. ಅದೇ ವಾಸನೆ. ಆಕೆ ಹೋಗಿ ಹೇಳಿದಳು.

"ಏನಮ್ಮಾ, ಇದು ಪ್ರಯೋಗಾಲಯನೋ ಅಡುಗೆಮನೆನೋ? ಮೂಸಿ ನೋಡಿ ರಿಪೋರ್ಟ್ ಕೊಡೋದಾ? ಇನ್ನು ಮೂರೇ ಮೂರು ಬರಲಿ, ಹೂಡುವಿಯಂತೆ."

ಆಕೆ ಬಾಯಿ ಮುಚ್ಚಿಕೊಂಡು ಹಿಂತಿರುಗಿದಳು. ಕೆಲಸಕ್ಕೆ ಹೊಸಬಳು, ಮನೆಯಲ್ಲಿ ಅಮ್ಮ, ಅಣ್ಣ. ನೆಪಗಳಿಗೆ ಬರವೇ? ಆ ಮೂರೇ ಮೂರು ಬರಲು ಇಪ್ಪತ್ತಾರು ದಿನ ಹಿಡಿಯಿತು. ನಂತರ ರಿಪೋರ್ಟು ಟೈಪಾಗಲು, ಸಹಿಯಾಗಲು, ಅಂಚೆ ತಲುಪಲು ಇನ್ನೆಷ್ಟೋ. ಆರು ತಿಂಗಳ ಮೇಲೆ ತಾಯೊಬ್ಬಳು ಕತ್ತು ನಿಲ್ಲದ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದು, "ಇಲ್ಲೇ ಅಲ್ವಾ ಪರೀಕ್ಷೆ ಮಾಡಿದ್ದು? ಇನ್ನೇನಾದ್ರೂ ಮಾಡಬಹುದಾ?" ಎಂದು ಕೇಳಿದಳು. ಮಗುವಿನ ಕೂದಲು ಬಿಳಿಚಾಗಿತ್ತು.

ಅಲ್ಲಿಗೆ ಆಕೆಯ ಒಳ್ಳೆಯತನ ಮುಗಿಯಿತು. ಮುಂದಿನ ವಾರದಿಂದ ಪ್ರಯೋಗಾಲಯಕ್ಕೆ ಸೀಸೆಗಳು ಧಾರಾಳವಾಗಿ ಬರತೊಡಗಿದವು. ಒಂದು ಮಗುವಿನದು ಬಂದ ದಿನವೇ ಇನ್ನೂ ಹತ್ತೊಂಬತ್ತು ಮಕ್ಕಳದು ಎಲ್ಲಿಂದಲೋ ಬಂದು ಇಪ್ಪತ್ತು ತುಂಬಿಬಿಡುತ್ತಿತ್ತು. ದೊಡ್ಡವರು ಹಿಗ್ಗಿ ಹೀರೆಕಾಯಾದರು. ನಮ್ಮ ಹೆಸರು ಹಬ್ಬುತ್ತಿದೆ ಎಂದು ಮೇಲಿನವರಿಗೆ ಪತ್ರ ಬರೆದರು. ಏಳು ತಿಂಗಳ ಮೇಲೆ ಒಂದು ದಿನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಾಗ ಅವರಿಗೆ ಅನುಮಾನ ಬಂತು. ಹತ್ತೊಂಬತ್ತು ಕೂಸುಗಳಿಗೂ ಒಂದೇ ಅಚ್ಚಿನ ಕಲೆಗಳು. ನೋಡಿದರೇನು, ಹತ್ತೊಂಬತ್ತೂ ಆಕೆಯದೇ! ಕೆಲವು ದಿನ ಜವಾನನದು, ಗಾಜು ತೊಳೆಯುವವಳದು, ಒಂದು ಸಲ ಲೆಕ್ಕಾಧಿಕಾರಿಯದೂ ಇತ್ತಂತೆ. ನೋಂದಣಿ ಪುಸ್ತಕದಲ್ಲಿ ಎಲ್ಲರೂ ಹಾಲುಗಲ್ಲದ ಹಸುಳೆಗಳೇ.

"ಇದು ಮೋಸ!" ಎಂದು ದೊಡ್ಡವರು ಮೇಜು ಗುದ್ದಿದರು.

"ಹೌದು ಸರ್. ಆದ್ರೆ ಈ ಏಳು ತಿಂಗಳಲ್ಲಿ ಇಬ್ಬರು ಮಕ್ಕಳು ಉಳಿದ್ರು. ನಿಮ್ಮ ಪ್ರಾಮಾಣಿಕತೆ ಎಷ್ಟು ಮಕ್ಕಳನ್ನ ಉಳಿಸಿದೆ, ಹೇಳಿ?"

ಬಡ್ತಿ ಏಳು ವರ್ಷ ನಿಂತಿತು. ಆಕೆ ಐಸಿನ ಮೇಲೆ ಇಲಿಯ ಮಿದುಳು ಅರೆಯುತ್ತಾ, ಮಿದುಳಿಗೆ ಹೋಗುವ ಆ ಬಾಗಿಲು ಕಟ್ಟಿಕೊಳ್ಳುವುದು ಹೇಗೆ ಎಂದು ಹನ್ನೊಂದು ವರ್ಷ ಅಳೆದು ಬರೆದ ಪ್ರಬಂಧದ ಮೇಲೆ ಮೊದಲ ಹೆಸರು ದೊಡ್ಡವರದೇ ಬಂತು. ಅವರು ಇಲಿಯನ್ನು ಕಂಡದ್ದು ತಮ್ಮ ಮನೆಯ ಅಟ್ಟದ ಮೇಲೆ ಮಾತ್ರ. ಕೊನೆಗೆ ಅವರು ನಿವೃತ್ತರಾದ ಮರುದಿನ ಆಕೆ ಇಡೀ ಕಾಗದದ ಮೇಲೆ ಒಂದೇ ಒಂದು ಬೊಟ್ಟು ಇಟ್ಟು ತೊಟ್ಟಿ ಹೂಡಿದಳು. ಬಂದ ಸೀಸೆ ಬಂದ ದಿನವೇ ಎಂಬುದು ಇಪ್ಪತ್ತು ವರ್ಷ ಅಲ್ಲಿಯ ಕಾನೂನಾಗಿತ್ತು. ಹೊಸದಾಗಿ ಬಂದ ಶಿಷ್ಯರಿಗೆಲ್ಲ ಹತ್ತೊಂಬತ್ತು ಕೂಸುಗಳ ಕಥೆ ಹೇಳಿ ನಗಿಸಿ, ನಕ್ಕು ಮುಗಿಸುವ ಹೊತ್ತಿಗೆ ಹದಿನೇಳನೆಯ ಸೀಸೆಯ ಕಥೆಯನ್ನೂ ಹೇಳುತ್ತಿದ್ದಳು.

ಹಾಗೆ ನಕ್ಕ ಶಿಷ್ಯರಲ್ಲಿ ಒಬ್ಬ ಈಗಿನ ಮುಖ್ಯಸ್ಥ. ಮೂರು ವರ್ಷದ ಹಿಂದೆ ಕೋಣೆಯಷ್ಟು ದೊಡ್ಡ ಯಂತ್ರ ಬಂತು, ಅದನ್ನು ಕಲಿತು ಬಂದವನಿಗೆ ಕುರ್ಚಿಯೂ ಬಂತು. ಒಳ್ಳೆಯ ಯಂತ್ರ, ಒಂದು ಬೊಟ್ಟು ರಕ್ತದಿಂದ ನಲವತ್ತು ಕಾಯಿಲೆ ಹೇಳುತ್ತದೆ. ರಕ್ತದ ಚೂರುಗಳನ್ನು ಹಾಕುವ ಪ್ಲಾಸ್ಟಿಕ್ ತಟ್ಟೆಯಲ್ಲಿ ತೊಂಬತ್ತಾರು ಗುಳಿ. ತಟ್ಟೆ ಎಷ್ಟು ತುಂಬಿತ್ತು ಎಂದು ಮೇಲಿನವರು ತಿಂಗಳು ತಿಂಗಳು ಕೇಳುತ್ತಾರೆ. ಕಳೆದ ತಿಂಗಳಷ್ಟೇ ಶಿಷ್ಯ ಸುತ್ತೋಲೆ ಹೊರಡಿಸಿದ್ದ: ತಟ್ಟೆ ತುಂಬಿದ ಮೇಲೆ ಯಂತ್ರ ಓಡಿಸುವುದು. ಹೊಸ ಯಂತ್ರದೊಳಗೆ ಹಳೆಯ ದೊಡ್ಡವರು ಬಂದು ಕೂತಿದ್ದರು, ಮತ್ತು ಈ ಸಲ ಅವರ ಹಸಿವು ಇಪ್ಪತ್ತಕ್ಕೆ ಅಡಗುವಂಥದ್ದಲ್ಲ.

ಆ ಬೆಳಿಗ್ಗೆ ಆಕೆ ಐವತ್ತೆರಡನೆಯ ಸೀಸೆಯಿಂದ ಎರಡು ಹನಿ ತೆಗೆದು ಹಳೆಯ ದ್ರಾವಣ ಬಿಟ್ಟಳು. ಹಸಿರು. ಗಾಜಿನ ನಳಿಗೆಯನ್ನು ಹಿಡಿದುಕೊಂಡೇ ಶಿಷ್ಯನ ಕೋಣೆಗೆ ನುಗ್ಗಿದಳು. ಅವನು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಾ ಬೀಳ್ಕೊಡುಗೆಯ ಭಾಷಣ ಬಾಯಿಪಾಠ ಮಾಡುತ್ತಿದ್ದ.

"ಈಗಲೇ ಯಂತ್ರ ಓಡಿಸು. ಇವತ್ತಿಗೆ ಮಗೂಗೆ ಹತ್ತೊಂಬತ್ತು ದಿನ."

"ಮೇಡಂ, ಇದು ನಮ್ಮ ಅಜ್ಜಂದಿರ ಕಾಲದ ಪರೀಕ್ಷೆ. ಇದರ ಮೇಲೆ ಆಸ್ಪತ್ರೆಯವರು ಹಾಲು ನಿಲ್ಲಿಸಲ್ಲ. ಅವರಿಗೆ ಯಂತ್ರದ ಅಂಕಿನೇ ಬೇಕು."

"ಅದಕ್ಕೇ ಓಡಿಸು ಅಂದಿದ್ದು."

"ಐವತ್ತೆರಡೇ ಇದೆಯಲ್ಲ ಮೇಡಂ. ಅರ್ಧ ತಟ್ಟೆ ಓಡಿಸಿದ್ರೆ ಮೇಲಿನವರಿಗೆ ನಾನೇನು ಹೇಳಲಿ? ಮುಂದಿನ ತಿಂಗಳು ತುಂಬುತ್ತೆ. ಇವತ್ತೊಂದು ದಿನನಾದ್ರೂ ಸಿಟ್ಟು ಬಿಡಿ, ನಿಮ್ಮ ದಿನ ಇದು."

ಆಕೆ ನಳಿಗೆಯನ್ನು ಅವನ ಮೇಜಿನ ಮೇಲಿಟ್ಟು ಹೊರಟಳು. ಆಕೆ ಜಗಳವಾಡದೆ ಹೊರಟರೆ ಹುಷಾರಾಗಿರಬೇಕು ಎಂಬುದು ಅವನಿಗೆ ಗೊತ್ತಿರಬೇಕಾಗಿತ್ತು.

ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ಜನ. ಮೇಜಿನ ಮೇಲೆ ಕೇಕು, ಹೂಗುಚ್ಛ, ಆಕೆಯ ಹೆಸರು ಕೊರೆದ ಗಾಜಿನ ಫಲಕ. ಶಿಷ್ಯ ಮಾತಾಡಿದ. ಸಂಸ್ಥೆಯ ಆಸ್ತಿ ಅಂದ, ತಾಯಿ ಅಂದ, ಸಾವಿರಾರು ಮಕ್ಕಳ ಬಾಳಿನ ಬೆಳಕು ಅಂದ. ಚಪ್ಪಾಳೆ ಬಿತ್ತು. ಆಕೆ ಎದ್ದು ಮೈಕಿನ ಮುಂದೆ ಬಂದಳು. ಕೈಯಲ್ಲಿ ಕಾಗದವಿರಲಿಲ್ಲ. ಕೋಟಿನ ಜೇಬಿನಿಂದ ಬೆರಳು ಚುಚ್ಚುವ ಸೂಜಿಗಳ ಡಬ್ಬಿ ಮತ್ತು ಖಾಲಿ ರಕ್ತದ ಚೀಟಿಗಳ ಕಟ್ಟು ತೆಗೆದು ಕೇಕಿನ ಪಕ್ಕದಲ್ಲಿಟ್ಟಳು.

"ಕೆಳಗಡೆ ಫ್ರಿಜ್ಜಲ್ಲಿ ಒಂದು ಮಗು ಒಂಬತ್ತು ದಿನದಿಂದ ಕಾಯ್ತಾ ಇದೆ. ಅದಕ್ಕೆ ಏನು ಕಾಯಿಲೆ ಅಂತ ನನಗೆ ಗೊತ್ತು, ನಿಮ್ಮ ಮುಖ್ಯಸ್ಥರಿಗೂ ಗೊತ್ತು. ಆದ್ರೆ ತಟ್ಟೆ ತುಂಬಬೇಕಂತೆ. ಇನ್ನೂ ನಲವತ್ನಾಲ್ಕು ಗುಳಿ ಖಾಲಿ ಇದೆ. ಇನ್ನೂ ನಲವತ್ನಾಲ್ಕು ಕೂಸು ಹುಟ್ಟಿ ಬರೋವರೆಗೂ ಕಾಯೋಕೆ ನನ್ನ ಕೈಲಿ ಆಗಲ್ಲ, ನನಗೆ ಐದು ಗಂಟೆವರೆಗೆ ಮಾತ್ರ ಸಂಬಳ. ನೀವೆಲ್ಲ ಸುಮ್ನೆ ಕೂತಿದ್ದೀರಲ್ಲ, ಎದ್ದು ಬನ್ನಿ. ಒಬ್ಬೊಬ್ಬರು ಒಂದೊಂದು ಹನಿ. ಅದು ಕೊಟ್ಟವರಿಗೆ ಮಾತ್ರ ಕೇಕು."

ಯಾರೋ ತಮಾಷೆಯೆಂದು ನಕ್ಕರು. ಆಕೆಯ ಮುಖ ನೋಡಿ ಆ ನಗೆ ಅರ್ಧಕ್ಕೇ ನಿಂತಿತು. ಆಕೆ ತಿರುಗಿ ವೇದಿಕೆಯ ಮೇಲೆಯೇ ಕೂತಿದ್ದ ಶಿಷ್ಯನ ಕೈ ಹಿಡಿದಳು.

"ಮೊದಲು ನೀನು. ಹತ್ತೊಂಬತ್ತು ಕೂಸುಗಳ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀನೇ ಅಲ್ವಾ? ಬೆರಳು ಕೊಡು."

ಅವನು ಕೆಂಪಗಾದ. ಎಪ್ಪತ್ತು ಜನರ ಕಣ್ಣು ಅವನ ಬೆರಳ ಮೇಲಿತ್ತು. ಅವನು ಬೆರಳು ಕೊಟ್ಟ. ಆಕೆ ಬೇಕೆಂದೇ ಸ್ವಲ್ಪ ಆಳಕ್ಕೆ ಚುಚ್ಚಿದಳು.

ಆಮೇಲೆ ಗಾಜು ತೊಳೆಯುವವಳು ಎದ್ದು ಬಂದಳು, ಗ್ರಂಥಪಾಲಕ ಬಂದ, ವಾಹನ ಓಡಿಸುವವನು ಬಂದ, ಕಚೇರಿಯಲ್ಲಿ ಆಕೆಯ ಹೆಸರು ಹೊಡೆದವನೂ ತಲೆ ತಗ್ಗಿಸಿಕೊಂಡು ಬಂದ. ನಲವತ್ನಾಲ್ಕು ತುಂಬಲು ಅರ್ಧ ಗಂಟೆ ಸಾಕಾಯಿತು. ಚೀಟಿಗಳನ್ನು ಫ್ಯಾನಿನ ಕೆಳಗೆ ಹರವಿದರು. ಅವು ಸರಿಯಾಗಿ ಒಣಗಿದರೆಷ್ಟು ಬಿಟ್ಟರೆಷ್ಟು, ಆ ದೊಡ್ಡ ಮನುಷ್ಯರ ರಕ್ತದಲ್ಲಿ ಏನಿದೆ ಎಂದು ತಿಳಿಯುವ ಆಸೆ ಆಕೆಗೆ ಇರಲಿಲ್ಲ. ಒಂದು ಗಂಟೆಗೆ ಶಿಷ್ಯನೇ ಕೆಳಗಿಳಿದು, ಟೈ ಬಿಚ್ಚಿಟ್ಟು, ತನ್ನ ಹೆಸರಿನಲ್ಲಿ ಯಂತ್ರ ತೆರೆದು ತಟ್ಟೆ ಒಳಗಿಟ್ಟ. ಆಕೆ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮೂರಕ್ಕೆ ಐವತ್ತೆರಡನೆಯದು ಬಂತು. ಎರಡರೊಳಗೆ ಇರಬೇಕಾದ ಅಂಕಿ ಇಪ್ಪತ್ತೆರಡು.

ಶಿಷ್ಯ ಏನೋ ಹೇಳಲು ಬಾಯಿ ತೆರೆದ. "ಆಮೇಲೆ" ಅಂದಳು. ಆಸ್ಪತ್ರೆಗೆ ಅಂಕಿ ಕಳಿಸಿಯಾಯಿತು, ಪುಡಿಹಾಲಿನ ಡಬ್ಬಿ ಹೊರಡಿಸಿಯಾಯಿತು. ಡಬ್ಬಿ ತಲುಪುವವರೆಗೆ ಏನು ಮಾಡಬೇಕೆಂದು ವೈದ್ಯರು ಹೇಳುವ ಮುಂಚೆ ತಾನೇ ಮಾತಾಡಬೇಕೆಂದು ಚೀಟಿಯ ಮೇಲಿದ್ದ ಮನೆಯ ನಂಬರಿಗೆ ಫೋನು ಮಾಡಿದಳು. ತಾಯಿಯೇ ಎತ್ತಿದಳು, ಚಿಕ್ಕ ವಯಸ್ಸಿನ ದನಿ. ಆಕೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಕಾಯಿಲೆ ಇದು, ಉಪಾಯ ಇದು, ನಾಳೆಯಿಂದ ಬೇರೆ ಹಾಲು, ಸ್ವಲ್ಪ ದಿನದ ಮೇಲೆ ಅಳತೆ ನೋಡಿ ಎದೆಹಾಲನ್ನೂ ಕೊಡಬಹುದು. ಆ ಕಡೆ ಮಗು ಗೊರಗೊರ ಅನ್ನುತ್ತಿತ್ತು.

"ಮೇಡಂ, ನಾನು ನನ್ನ ಹಾಲು ಬಿಟ್ರೆ ಬೇರೆ ಒಂದು ಹನಿನೂ ಕೊಟ್ಟಿಲ್ಲ. ಹಾಗಾದ್ರೆ... ನಾನೇ ಕುಡಿಸಿ ಕುಡಿಸಿ ಹೀಗೆ ಮಾಡಿದ್ನಾ?"

ಮೂವತ್ತೆಂಟು ವರ್ಷ ಆಕೆ ಆ ಪ್ರಶ್ನೆಗೆ ಉತ್ತರ ಹುಡುಕಿದ್ದಳು. ಹುಡುಕಿದ್ದು ಇಲಿಯ ಮಿದುಳಿನಲ್ಲಿ.

"ಇಲ್ಲಮ್ಮ. ನೀವು ಅಲ್ಲ. ಹಾಲು ಕೊಟ್ರಿ, ತಾಯಿ ಮಾಡೋ ಕೆಲಸ ಮಾಡಿದ್ರಿ. ಮಗೂಗೆ ಹತ್ತು ದಿನ ಆದಾಗಲೇ ಸೀಸೆ ನಮ್ಮ ಹತ್ರ ಬಂದಿತ್ತು. ಅದನ್ನ ಒಂಬತ್ತು ದಿನ ಫ್ರಿಜ್ಜಲ್ಲಿಟ್ಟುಕೊಂಡು ಕೂತಿದ್ದು ನಾವು. ಮಗು ಚೆನ್ನಾಗಿರುತ್ತೆ, ಇನ್ನೂ ಹೊತ್ತು ಮೀರಿಲ್ಲ. ಆದ್ರೆ ಆ ಒಂಬತ್ತು ದಿನ ನಿಮ್ಮ ತಪ್ಪಲ್ಲ, ನಮ್ಮದು. ಬೈಯೋದಾದ್ರೆ ನಮ್ಮನ್ನ ಬೈರಿ."

"ಒಂಬತ್ತು ದಿನಾನಾ?" ಅಂದಳು ತಾಯಿ. "ಒಂಬತ್ತು ದಿನ ಏನು ಮಾಡ್ತಾ ಇದ್ರಿ?"

"ತಟ್ಟೆ ತುಂಬಲಿ ಅಂತ ಕಾಯ್ತಾ ಇದ್ವಿ."

ಆಗ ಶುರುವಾಯಿತು. ಮೊದಲು ಅಳು, ಆಮೇಲೆ ಬೈಗುಳ. ಆ ಎಳೆಯ ದನಿಯಲ್ಲಿ ಅಷ್ಟು ಬೈಗುಳ ಎಲ್ಲಿತ್ತೋ. ನಿಮ್ಮ ಮನೆ ಮಕ್ಕಳಾಗಿದ್ದರೆ ಹೀಗೆ ಇಡುತ್ತಿದ್ದಿರಾ ಎಂದು ಕೇಳಿದಳು, ನಿಮಗೆ ಮನುಷ್ಯರ ಕರುಳು ಇದೆಯಾ ಎಂದು ಕೇಳಿದಳು. ಶಿಷ್ಯ ಮೆಲ್ಲಗೆ ಬಾಗಿಲ ಕಡೆ ಸರಿದ.

ಆಕೆ ಕೈ ಅಡ್ಡ ಹಿಡಿದಳು. ಫೋನನ್ನು ಕಿವಿಯಿಂದ ತೆಗೆದು, ದನಿ ಜೋರು ಮಾಡಿ, ಮೇಜಿನ ನಡುವೆ ಇಟ್ಟಳು. ತನ್ನ ಅಮ್ಮನಿಗೆ ಬೈಯಲು ಯಾರನ್ನೂ ತೋರಿಸಿಕೊಡಲಾಗಿರಲಿಲ್ಲ. ಅದಕ್ಕೇ ಅವಳು ತನ್ನ ಕೈಗೇ ಶಿಕ್ಷೆ ಕೊಟ್ಟುಕೊಂಡು ಸತ್ತಳು.

"ಕೂತ್ಕೋ" ಅಂದಳು ಶಿಷ್ಯನಿಗೆ. "ಅವಳು ಮುಗಿಸೋವರೆಗೂ ಕೇಳು."

ಅವನು ಕೂತ. ಆಕೆಯೂ ಪಕ್ಕದಲ್ಲೇ ಕೂತು, ಐದು ಗಂಟೆ ಹೊಡೆದರೂ ಏಳದೆ, ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಳು.